ಎರಡು ಕಣ್ಣು ಅನ್ನದ ಅಪ್ಪ

ಹೋದ ವರ್ಷ ಅವ್ವನ ಮೊಣಕಾಲಿನ ಆಪರೇಷನ್ ಆಯ್ತು. ಇನ್ಶೂರೆನ್ಸ್ ಕೊಟ್ಟಿದ್ದು ಬಿಟ್ಟು ಉಳಿದ ಖರ್ಚೆಲ್ಲ ನನ್ನದು. ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ಡಿಸ್ಚಾರ್ಜ್ ದಿನ ಬಿಲ್ ಕಟ್ಟಿ, ಮರುದಿನ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್. ಮೂರು ತಿಂಗಳಾದ ಮೇಲೆ ಊರ ಕಡೆ ಒಂದು ಮದುವೆ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, 'ಮಗ ಅಂದ್ರ ಹಿಂಗಿರಬೇಕು ನೋಡ್ರಿ' ಅಂದರು. ಎರಡು ಎಲೆ ಆಚೆ ನನ್ನ ತಮ್ಮ ಕೂತಿದ್ದ. ತಲೆ ಎತ್ತಲಿಲ್ಲ.

ಅವತ್ತು ರಾತ್ರಿ ಮನೆಯಲ್ಲಿ ಮಾತು ಬಂತು. ಅವನು ಜೋರು ಮಾಡಲಿಲ್ಲ. 'ನೀ ರೊಕ್ಕ ಕೊಟ್ಟಿ ಅಣ್ಣಾ, ಖರೆ. ಇಲ್ಲ ಅನ್ನಂಗಿಲ್ಲ. ಆದ್ರ ರಾತ್ರಿ ಎರಡಕ್ಕ ಅವ್ವನ್ನ ಎಬ್ಬಿಸಿ ಬಚ್ಚಲಕ್ಕ ಕರಕೊಂಡು ಹೋದವರು ಯಾರು?' ಅಂದ. ನಾನೂ ಸುಮ್ಮನಿರಲಿಲ್ಲ. ಇಎಂಐ, ಬಾಡಿಗೆ, ರಿಲೀಸ್ ಹತ್ತಿರ ಇದ್ದಾಗ ರಜೆ ಕೇಳೋ ಕಷ್ಟ, ಎಲ್ಲ ಹೇಳಿದೆ. ಕೊನೆಗೆ ಅವ್ವ ಒಳಗಿಂದ ಕೂಗಿದಳು: 'ಸಾಕು ಬಿಡ್ರೋ. ನೀವಿಬ್ರೂ ನನಗ ಎರಡು ಕಣ್ಣಿದ್ದಂಗ.'

ಈ ಮಾತು ಕೇಳದೆ ಬೆಳೆದ ಕನ್ನಡದ ಮಕ್ಕಳಿಲ್ಲ. ಇಬ್ಬರು ಮಕ್ಕಳಿರುವ ಯಾವ ಮನೆಯಲ್ಲಾದರೂ ಜಗಳಕ್ಕೆ ಮುಚ್ಚಳ ಹಾಕುವ ಮಾತು ಅದು. ಸುಳ್ಳು ಅಂತ ನಾನು ಅನ್ನಲ್ಲ. ಆದರೆ ಅವತ್ತು ಅದು ಇಬ್ಬರಿಗೂ ಸಾಲಲಿಲ್ಲ. ತಮ್ಮ ಕೇಳಿದ್ದು ಪ್ರೀತಿಯ ಲೆಕ್ಕವನ್ನಲ್ಲ, ಕೆಲಸದ ಲೆಕ್ಕವನ್ನ. ಅದಕ್ಕೆ ಉತ್ತರ ಸಿಗಲಿಲ್ಲ.

ನನಗೆ ಹಳೇ ನಾಗರಿಕತೆಗಳ ಬಗ್ಗೆ ಓದುವ ಚಟ. ವಾಪಸ್ ಬರುವಾಗ ಸ್ಲೀಪರ್ ಬಸ್ಸಿನಲ್ಲಿ ನಿದ್ದೆ ಬಾರದೆ ಮೊಬೈಲಿನಲ್ಲಿ ಓದುತ್ತಾ ಹೋದಾಗ ಸಿಕ್ಕಿದ್ದು ಸುಮೇರಿಯಾದ ಇಬ್ಬರು ಅಣ್ಣತಮ್ಮಂದಿರ ಕಥೆ. ನಾಲ್ಕು ಸಾವಿರ ವರ್ಷ ಹಳೆಯದು. ನಮ್ಮ ಪಡಸಾಲೆಯ ಜಗಳವೇ ಅಲ್ಲಿತ್ತು. ಒಂದೇ ವ್ಯತ್ಯಾಸ ಅಂದರೆ, ಅಲ್ಲಿನ ಅಪ್ಪ 'ಎರಡು ಕಣ್ಣು' ಅನ್ನಲಿಲ್ಲ. ತೀರ್ಪು ಕೊಟ್ಟ.

ಕಥೆ ಹೀಗಿದೆ. ಸುಮೇರಿಯಾ ಅಂದರೆ ಇಂದಿನ ಇರಾಕಿನ ದಕ್ಷಿಣ ಭಾಗ, ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ಬಯಲು. ಅಲ್ಲಿನ ದೇವತೆಗಳಲ್ಲಿ ಅಧಿಕಾರ ನಡೆಸುವವನು ಎನ್‌ಲಿಲ್. ನಿಪ್ಪೂರ್ ಅವನ ನಗರ, ಎಕೂರ್ ಅವನ ಗುಡಿ. ಅವನು ಮಹಾಬೆಟ್ಟವನ್ನು ಕೂಡಿದಾಗ ಇಬ್ಬರು ಗಂಡುಮಕ್ಕಳು ಹುಟ್ಟುತ್ತಾರೆ. ಒಬ್ಬ ಎಮೆಶ್, ಅಂದರೆ ಬೇಸಿಗೆ. ಇನ್ನೊಬ್ಬ ಎಂತೆನ್, ಅಂದರೆ ಚಳಿಗಾಲ. ಅಪ್ಪ ಇಬ್ಬರಿಗೂ ಕೆಲಸ ಹಂಚುತ್ತಾನೆ. ಬೇಸಿಗೆ ಊರು-ಕೇರಿ ಕಟ್ಟಬೇಕು, ಕೂಲಿಗಳನ್ನು ಹೊಲಕ್ಕೆ ಕಳಿಸಬೇಕು, ಸುಗ್ಗಿಯ ಫಸಲನ್ನು ತಂದು ಒಪ್ಪಿಸಬೇಕು. ಚಳಿಗಾಲ ನೀರು ನೋಡಿಕೊಳ್ಳಬೇಕು, ಹೊಲದಲ್ಲಿ ಕಾಳು ಹಿಡಿಸಬೇಕು, ನಾಡಿಗೆ ಸಮೃದ್ಧಿ ತರಬೇಕು. ಇಬ್ಬರೂ ಕೆಲಸ ಮಾಡುತ್ತಾರೆ. ಚಳಿಗಾಲದ ಕೈಯಲ್ಲಿ ಕುರಿ ಮರಿ ಹಾಕುತ್ತೆ, ಹಸು ಕರು ಹಾಕುತ್ತೆ, ತೋಟ ಹಣ್ಣು ಬಿಡುತ್ತೆ. ಬೇಸಿಗೆಯ ಕೈಯಲ್ಲಿ ಮನೆ, ಕೊಟ್ಟಿಗೆ, ಹೊಲದ ತುಂಬ ಕಟ್ಟಿಟ್ಟ ಸಿವುಡುಗಳು.

ಆಮೇಲೆ ಇಬ್ಬರೂ ಕಾಣಿಕೆ ಹೊತ್ತು ಅಪ್ಪನ ಮನೆಗೆ ಬರುತ್ತಾರೆ. ಜಗಳ ಶುರುವಾಗುವುದು ಅಲ್ಲಿ. ತೆಗೆಯುವವನು ಚಳಿಗಾಲ. ದುಡಿದು ದಣಿದ ಅವನಿಗೆ ಬೇಸಿಗೆಯ ಠೀವಿ ತಡೆಯಲಾಗುವುದಿಲ್ಲ. ಅವನ ವಾದದ ಸಾರ ಇಷ್ಟು: ನೀನು ಅರಮನೆಗೆ ಹೊತ್ತು ತರುವ ಫಸಲು ನಿನ್ನ ಬೆವರಿನದಲ್ಲ ತಮ್ಮಾ, ಜಂಬ ಬೇಡ. ಉಳುಮೆ ನೋಡಿಕೊಂಡವನು ನೀನೇ, ಪ್ರವಾಹ ಬಂದಾಗ ನೀರು ಕಾದವನು ನೀನೇ ಅನ್ನೋ ಹಾಗೆ ಮಾತಾಡಬೇಡ.

ಇದನ್ನು ಓದಿದಾಗ ಬಸ್ಸಿನ ಕತ್ತಲಲ್ಲಿ ನನ್ನ ಕಿವಿ ಬಿಸಿಯಾಯ್ತು. ಬಿಲ್ ಕೌಂಟರಿನ ಮುಂದೆ ಕಾರ್ಡ್ ಉಜ್ಜಿದ ನಾನು ಬೇಸಿಗೆ. ರಾತ್ರಿ ಎರಡಕ್ಕೆ ಎದ್ದ ತಮ್ಮ ಚಳಿಗಾಲ.

ಆಫೀಸಿನಲ್ಲೂ ಇದೇ ಅಲ್ವಾ? ಸ್ಪ್ರಿಂಟ್ ಮುಗಿದ ಮೇಲೆ ಕ್ಲೈಂಟ್ ಮುಂದೆ ಡೆಮೊ ಕೊಡುವವರು ಒಬ್ಬರು. ಆ ಡೆಮೊ ಬೀಳದಂತೆ ವಾರವಿಡೀ ಸರ್ವರ್ ಜೊತೆ ಗುದ್ದಾಡಿದವರು ಇನ್ನೊಬ್ಬರು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಕೆಲಸ ಆಗಲ್ಲ. ಆದರೆ ಫಸಲು ಹೊತ್ತು ಬಾಗಿಲಿಗೆ ಬಂದವರ ಮುಖ ಮಾತ್ರ ಎಲ್ಲರಿಗೂ ನೆನಪಿರುತ್ತೆ.

ಹಾಗಂತ ಬೇಸಿಗೆ ಪೆದ್ದನಲ್ಲ, ಅವನ ಉತ್ತರವೂ ಚುರುಕಾಗಿದೆ. ನೀನು ಬಂದರೆ ಊರಲ್ಲಿ ಜನರ ಹಲ್ಲು ಕಟಕಟ ಅನ್ನುತ್ತೆ ಅನ್ನುತ್ತಾನೆ. ಅರ್ಧ ಹಗಲಾದರೂ ಬೀದಿಯಲ್ಲಿ ಒಂದು ನರಪಿಳ್ಳೆ ಇರಲ್ಲ, ಜನ ಕುರಿಗಳ ಹಾಗೆ ಒಲೆಯಿಂದ ಭಟ್ಟಿಗೆ, ಭಟ್ಟಿಯಿಂದ ಒಲೆಗೆ ಓಡಾಡಿಕೊಂಡಿರುತ್ತಾರೆ, ಆಳುಗಳು ಸಂಜೆವರೆಗೂ ಬೆಚ್ಚಗೆ ಒಳಗೇ ಕೂತಿರುತ್ತಾರೆ ಅನ್ನುತ್ತಾನೆ. ವಾದ ಹೀಗೆ ಬೆಳೆದು, ಒಟ್ಟು ಕೃತಿ ಸುಮಾರು ಮುನ್ನೂರು ಸಾಲಿನಷ್ಟಿದೆ.

ಕೊನೆಗೆ ಎನ್‌ಲಿಲ್ ಬಾಯಿ ಬಿಡುತ್ತಾನೆ. ಎಲ್ಲ ನಾಡುಗಳಿಗೂ ಜೀವ ಕೊಡುವ ನೀರು ಚಳಿಗಾಲದ ಕೈಯಲ್ಲಿದೆ, ದೇವರುಗಳ ರೈತ ಅವನು, ಎಲ್ಲವನ್ನೂ ಬೆಳೆಸುವವನು ಅವನೇ, ಮಗನೇ ಬೇಸಿಗೆ, ನಿನ್ನನ್ನು ಅವನ ಜೊತೆ ಹೇಗೆ ಹೋಲಿಸಿಕೊಳ್ಳುತ್ತೀಯ ಎಂದು ಕೇಳುತ್ತಾನೆ. ಚಳಿಗಾಲ ಗೆದ್ದ. ಕೇಸ್ ಖಲಾಸ್.

ಬೇಸಿಗೆ ಬಿಟ್ಟು ಚಳಿಗಾಲವನ್ನು ಗೆಲ್ಲಿಸಿದ್ದು ಯಾಕೆ? ಯುರೋಪಿನ ಕಥೆಗಳನ್ನು ಓದಿ ಬೆಳೆದವರಿಗೆ ಚಳಿಗಾಲ ಅಂದರೆ ಹಿಮ, ಸಾವು, ಖಾಲಿ ಹೊಲ. ದಕ್ಷಿಣ ಇರಾಕಿನಲ್ಲಿ ಅದು ಉಲ್ಟಾ. ಅಲ್ಲಿ ಮಳೆ ವರ್ಷಕ್ಕೆ 200 ಮಿಲಿಮೀಟರ್ ಕೂಡ ಬೀಳಲ್ಲ, ಬೀಳುವುದಷ್ಟೂ ಚಳಿಯ ತಿಂಗಳುಗಳಲ್ಲಿ. ಬೇಸಿಗೆಯ ಬಿಸಿಲು 45 ಡಿಗ್ರಿ ದಾಟುತ್ತೆ. ಅವರ ಮುಖ್ಯ ಬೆಳೆ ಬಾರ್ಲಿ. ಅಕ್ಟೋಬರ್-ನವೆಂಬರಿನ ಹೊತ್ತಿಗೆ ಬಿತ್ತನೆ, ಚಳಿಯಲ್ಲಿ ಬೆಳವಣಿಗೆ, ಏಪ್ರಿಲ್-ಮೇನಲ್ಲಿ ಕಟಾವು. ನಮ್ಮ ತಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ ಬೆಳೆಯುತ್ತಾನಲ್ಲ, ಆ ಲೆಕ್ಕ. ಹಿಂಗಾರಿ ಗೊತ್ತಿದ್ದವರಿಗೆ ಎನ್‌ಲಿಲ್‌ನ ತೀರ್ಪು ವಿಚಿತ್ರ ಅನ್ನಿಸಲ್ಲ.

ಇನ್ನೂ ಒಂದು ಕಷ್ಟ ಇತ್ತು. ಉತ್ತರದ ಬೆಟ್ಟಗಳಲ್ಲಿ ಹಿಮ ಕರಗಿ ಆ ಎರಡು ನದಿಗಳು ಉಕ್ಕುವುದು ಸುಮಾರು ಏಪ್ರಿಲ್-ಮೇ ತಿಂಗಳಲ್ಲಿ. ಅಂದರೆ ಹೊಲದಲ್ಲಿ ತೆನೆ ಬಲಿತು ನಿಂತಾಗ. ಬಿತ್ತುವಾಗ ನೀರು ಸಾಲದು, ಕೊಯ್ಯುವಾಗ ನೀರು ಜಾಸ್ತಿ. ಒಡ್ಡು ಕಟ್ಟಿ, ಕಾಲುವೆಯ ಹೂಳು ತೆಗೆದು, ರಾತ್ರಿಯೆಲ್ಲ ಕಾಯುವವರು ಇಲ್ಲದಿದ್ದರೆ ಸುಗ್ಗಿಯೇ ಇಲ್ಲ. ಪದ್ಯದಲ್ಲಿ ಹೆಸರಿರುವ ದೊರೆ ಇಬ್ಬಿ-ಸಿನ್. ಊರ್ ನಗರವನ್ನು ಆಳಿದ ಮೂರನೇ ರಾಜವಂಶದ ಕೊನೆಯವನು. (ಹೌದು, ಆ ನಗರದ ಹೆಸರೇ ಊರ್.) ಅವನ ಕಾಲದಲ್ಲಿ ಧಾನ್ಯದ ಬೆಲೆ ವಿಪರೀತ ಏರಿತು. ಕ್ರಿ.ಪೂ. 2004ರ ಸುಮಾರಿಗೆ ನಗರವೇ ಶತ್ರುಗಳ ಕೈಗೆ ಬಿತ್ತು. ನೀರು ಕಾಯುವವನು ಹೆಚ್ಚು ಅನ್ನೋದು ಅವರ ಪಾಲಿಗೆ ಬರೀ ಸಾಹಿತ್ಯದ ಮಾತಾಗಿರಲಿಲ್ಲ.

ಹೀಗೆ ಇಬ್ಬರನ್ನು ಎದುರುಬದುರು ನಿಲ್ಲಿಸಿ ವಾದ ಮಾಡಿಸುವುದು ಸುಮೇರಿಯನ್ನರಿಗೆ ಬಹಳ ಇಷ್ಟ. ಸನಿಕೆಗೂ ನೇಗಿಲಿಗೂ, ಕುರಿಗೂ ಧಾನ್ಯಕ್ಕೂ, ಹಕ್ಕಿಗೂ ಮೀನಿಗೂ, ಬೆಳ್ಳಿಗೂ ತಾಮ್ರಕ್ಕೂ ಜಗಳ ಹಚ್ಚಿದ ಪದ್ಯಗಳಿವೆ. ಬಹುತೇಕ ಎಲ್ಲವೂ ಒಂದಿಲ್ಲದೆ ಒಂದು ನಡೆಯದ ಜೋಡಿಗಳು. ಆದರೂ ಯಾರೋ ಒಬ್ಬರು ಗೆಲ್ಲಲೇಬೇಕು. ಸನಿಕೆ-ನೇಗಿಲಿನ ಜಗಳದಲ್ಲಿ ರಾಜರೇ ಬಂದು ಹಿಡಿಯುವ ನೇಗಿಲು ಸೋಲುತ್ತೆ. ಬಡವನ ಕೈಯ ಸನಿಕೆ ಗೆಲ್ಲುತ್ತೆ, ಅಲ್ಲೂ ತೀರ್ಪು ಎನ್‌ಲಿಲ್‌ನದೇ. ಬೆಳ್ಳಿಯ ಎದುರು ತಾಮ್ರ ಗೆಲ್ಲುತ್ತೆ.

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಇದು. ಇಬ್ಬರೂ ಒಬ್ಬರಿಗೊಬ್ಬರು ಪೂರಕ ಅಂತಾದ ಮೇಲೆ ಯಾರು ಹೆಚ್ಚು ಅಂತ ಯಾಕೆ ಕೇಳಬೇಕು? 'ಎಲ್ಲ ಕೆಲಸವೂ ಸಮಾನ' ಅಂದುಬಿಟ್ಟರೆ ಆಗಲ್ವಾ?

ಆಗಲ್ಲ ಅಂತ ಈಗ ಅನ್ನಿಸುತ್ತೆ. ಟೌನ್‌ಹಾಲ್ ಮೀಟಿಂಗಿನಲ್ಲಿ 'ಇಲ್ಲಿ ಪ್ರತಿಯೊಂದು ರೋಲೂ ಮುಖ್ಯ' ಅನ್ನುತ್ತಾರೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತೀವಿ. ಆಮೇಲೆ ಅಪ್ರೈಸಲ್ ಲೆಟರ್ ಬರುತ್ತೆ. ಬಾಯಲ್ಲಿ ಸಮಾನ ಅಂದ ಮಾತ್ರಕ್ಕೆ ತೂಗುವುದು ನಿಂತಿರುವುದಿಲ್ಲ. ತಕ್ಕಡಿ ಬಾಗಿಲ ಹಿಂದೆ ಹೋಗಿರುತ್ತೆ ಅಷ್ಟೆ. ತೂಕದ ಬಟ್ಟು ಯಾವುದು ಅಂತ ಕಾಣಿಸದ ಕಡೆ, ಗೆದ್ದವನಿಗೆ ತಾನು ಯಾಕೆ ಗೆದ್ದೆ ಅಂತ ಗೊತ್ತಿರಲ್ಲ. ಸೋತವನಿಗೆ ತನ್ನ ವಾದವನ್ನು ಯಾರಾದರೂ ಕೇಳಿದರಾ ಅಂತಲೂ ಗೊತ್ತಿರಲ್ಲ.

ನಮ್ಮ ಮನೆಯಲ್ಲೂ ತೂಕ ಆಗಿಯೇ ಇತ್ತು. ಪಂಕ್ತಿಯಲ್ಲಿ ದೊಡ್ಡಪ್ಪ ತೀರ್ಪು ಕೊಟ್ಟಾಗಿತ್ತು. ಅವರ ಬಟ್ಟು ರೊಕ್ಕ. ಅವ್ವನ 'ಎರಡು ಕಣ್ಣು' ಆ ತೀರ್ಪನ್ನು ಅಳಿಸಲಿಲ್ಲ. ಅಳಿಸದೆ ಮೇಲೊಂದು ಬಟ್ಟೆ ಹೊದಿಸಿತು. ಬಟ್ಟೆ ಕೆಳಗೆ ಗೆದ್ದವನು ನಾನೇ. ಹಾಗಾಗಿ 'ಸಮಾನ' ಅನ್ನೋ ಮಾತಿನಿಂದ ಲಾಭ ಆಗಿದ್ದೂ ನನಗೇ.

ಎನ್‌ಲಿಲ್ ಹಾಗೆ ಮಾಡಲಿಲ್ಲ. ಜಗಳ ಪೂರ್ತಿ ಆಡಲು ಬಿಟ್ಟ, ಇಬ್ಬರ ಮಾತನ್ನೂ ಕೇಳಿದ. ಆಮೇಲೆ ಬಟ್ಟು ಯಾವುದು ಅಂತ ಬಾಯಿಬಿಟ್ಟು ಹೇಳಿದ: ನೀರು. ಕಾಣಿಕೆ ಯಾರು ಹೊತ್ತು ತಂದರು ಅನ್ನೋದಲ್ಲ, ಬೆಳೆ ಯಾರ ಕೈಯಲ್ಲಿ ಉಳಿಯಿತು ಅನ್ನೋದು. ಬೇಸಿಗೆ ಬೇಡ ಅಂತ ಅವನು ಎಲ್ಲೂ ಅನ್ನಲಿಲ್ಲ. ಹಂಚಿಕೊಟ್ಟ ಕೆಲಸ ಕಿತ್ತುಕೊಳ್ಳಲಿಲ್ಲ. ಮಗನೇ ಅನ್ನೋದನ್ನೂ ಬಿಡಲಿಲ್ಲ.

ಆದರೂ ಈ ತೀರ್ಪನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ನ್ಯಾಯಾಧೀಶನಿಗೂ ಇಲ್ಲಿ ಸ್ವಾರ್ಥ ಇದೆ. ಫಸಲು ಬಂದು ಬೀಳುವುದು ಅವನ ಉಗ್ರಾಣಕ್ಕೇ. ಹಲ್ಲು ಕಟಕಟ ಅನ್ನುವ ಜನರ ಬಗ್ಗೆ ಬೇಸಿಗೆ ಹೇಳಿದ್ದಕ್ಕೆ ಅವನು ಉತ್ತರವನ್ನೇ ಕೊಡಲಿಲ್ಲ. ಅವನು ಆಡಿದ ಮಾತನ್ನು ಯಾರೂ ಬದಲಿಸಲಾರರು ಅಂತ ಪದ್ಯ ಹೊಗಳುತ್ತೆ. ಬದಲಿಸಲಾಗದ ತೀರ್ಪು ಅಂದರೆ ನನಗೆ ಸ್ವಲ್ಪ ಭಯ. ಅಪ್ಪ ತಪ್ಪಿದ್ದರೆ?

ಈ ಭಯ ಸುಮೇರಿಯನ್ನರಿಗೂ ಇತ್ತು ಅನ್ನಿಸುತ್ತೆ. ಯಾಕೆಂದರೆ ಈ ಎನ್‌ಲಿಲ್‌ಗೇ ಒಬ್ಬ ತಮ್ಮ ಇದ್ದಾನೆ, ಎನ್‌ಕಿ. ಎರಿಡು ಅವನ ನಗರ. ನೆಲದಡಿಯ ಸಿಹಿನೀರು, ಜಾಣ್ಮೆ, ಕಸುಬು ಅವನ ಪಾಲು. ಒಂದು ಪದ್ಯದಲ್ಲಿ ಅವನೇ ಹೇಳಿಕೊಳ್ಳುತ್ತಾನೆ: ಅಣ್ಣ ದೈವೀಶಕ್ತಿಗಳನ್ನೆಲ್ಲ ಕೂಡಿಸಿ ತನ್ನ ಕೈಗಿಟ್ಟ, ನಿಪ್ಪೂರಿನ ಅಣ್ಣನ ಮನೆಯಿಂದ ಕಸುಬುಗಳನ್ನು ತಾನು ಎರಿಡುವಿಗೆ ತಂದೆ ಅಂತ. ಅಣ್ಣ ಆಜ್ಞೆ, ತಮ್ಮ ಉಪಾಯ. ಅಣ್ಣ ಆಗಲಿ ಅನ್ನುತ್ತಾನೆ, ಹೇಗೆ ಆಗಬೇಕು ಅಂತ ತಮ್ಮನಿಗೆ ಗೊತ್ತು. ಚೆನ್ನಾಗಿರುವ ಯಾವ ಕಂಪನಿಯಲ್ಲೂ ಇಂಥ ಇಬ್ಬರು ಇರುತ್ತಾರೆ.

ಒಂದು ದಿನ ಅಣ್ಣನ ಆಜ್ಞೆ ಕೆಡುತ್ತೆ. ಅಕ್ಕಾಡಿಯನ್ ಭಾಷೆಯಲ್ಲಿರುವ ಅತ್ರಹಾಸಿಸ್ ಎಂಬ ಕಾವ್ಯದ ಪ್ರಕಾರ, ಮನುಷ್ಯರು ಹೆಚ್ಚಾಗಿ ಗದ್ದಲ ಜೋರಾಗಿ ಎನ್‌ಲಿಲ್‌ಗೆ ನಿದ್ದೆ ಬರುವುದಿಲ್ಲ. ಪ್ರವಾಹ ತಂದು ಎಲ್ಲರನ್ನೂ ಅಳಿಸಿಬಿಡಲು ತೀರ್ಮಾನಿಸುತ್ತಾನೆ. ಗುಟ್ಟು ಬಿಡಬಾರದು ಅಂತ ದೇವರುಗಳೆಲ್ಲ ಆಣೆಯಿಂದ ಕಟ್ಟುಬಿದ್ದಿದ್ದಾರೆ, ಎನ್‌ಕಿಯೂ ಸೇರಿ. ಅವನು ಮನುಷ್ಯನಿಗೆ ಏನೂ ಹೇಳುವುದಿಲ್ಲ. ಜೊಂಡಿನ ಗೋಡೆಗೆ ಹೇಳುತ್ತಾನೆ: ಗೋಡೆಯೇ ಕೇಳು, ಮನೆ ಕೆಡವಿ ದೋಣಿ ಕಟ್ಟು ಅಂತ. ಗೋಡೆಯ ಆಚೆ ಮನುಷ್ಯ ಕೇಳಿಸಿಕೊಳ್ಳುತ್ತಾನೆ. ಸುಮೇರಿಯನ್ ಭಾಷೆಯ ಪ್ರವಾಹದ ಕಥೆಯಲ್ಲೂ ಈ ಗೋಡೆ ಇದೆ. ನಿಪ್ಪೂರಿನಲ್ಲಿ ಸಿಕ್ಕ ಒಡೆದ ಹಲಗೆಯೊಂದರಲ್ಲಿದ್ದ ಅದನ್ನು ಆರ್ನೋ ಪೋಬೆಲ್ ಎಂಬ ವಿದ್ವಾಂಸ 1914ರಲ್ಲಿ ಪ್ರಕಟಿಸಿದ. ಅಲ್ಲಿ ಬದುಕುವವನ ಹೆಸರು ಜಿಯುಸುದ್ರ.

ಪ್ರವಾಹ ಇಳಿದ ಮೇಲೆ ದೋಣಿ ನೋಡಿ ಎನ್‌ಲಿಲ್ ಕೆರಳುತ್ತಾನೆ. ಅಷ್ಟರಲ್ಲಿ ನೈವೇದ್ಯ ಇಡುವವರಿಲ್ಲದೆ ದೇವರುಗಳೇ ಹಸಿದಿರುತ್ತಾರೆ. ಕೊನೆಗೆ ಅಣ್ಣತಮ್ಮ ಒಂದು ಒಪ್ಪಂದಕ್ಕೆ ಬರುತ್ತಾರೆ. ಮನುಷ್ಯರು ಇರಲಿ, ಆದರೆ ಸಂಖ್ಯೆಗೆ ಒಂದು ಮಿತಿ ಇರಲಿ ಅಂತ. ಆ ಮಿತಿಯೇನೂ ಹಿತವಾದದ್ದಲ್ಲ. ಮಕ್ಕಳಾಗದ ಹೆಂಗಸರು, ಕೂಸುಗಳ ಸಾವು ಬಂದಿದ್ದು ಆ ಒಪ್ಪಂದದಿಂದ ಅನ್ನುತ್ತೆ ಕಾವ್ಯ. ಆದರೆ ಸರ್ವನಾಶ ತಪ್ಪಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಒಂದು ವಿಷಯ ಹೊಳೆಯಿತು. ಬೇಸಿಗೆಯೂ ಎನ್‌ಲಿಲ್‌ನ ಮಾತು ಕೇಳಬೇಕಾದವನೇ, ಎನ್‌ಕಿಯೂ ಅಷ್ಟೇ. ಒಬ್ಬ ಬಾಗಿದ, ಒಬ್ಬ ಗೋಡೆಗೆ ಪಿಸುಗುಟ್ಟಿದ. ಇಬ್ಬರೂ ಸರಿ ಅನ್ನಿಸುತ್ತಾರೆ. ಯಾಕೆ?

ಬೇಸಿಗೆಯ ಮೇಲೆ ಬಂದ ತೀರ್ಪಿನಲ್ಲಿ ಹೋದದ್ದು ಅವನ ಹೆಚ್ಚುಗಾರಿಕೆ ಮಾತ್ರ. ಎನ್‌ಕಿಯ ಮುಂದೆ ಬಂದ ತೀರ್ಪಿನಲ್ಲಿ ಹೋಗುತ್ತಿದ್ದದ್ದು ಬೇರೆಯವರ ಜೀವ. ನನ್ನ ಸ್ಥಾನದ ಪ್ರಶ್ನೆ ಬಂದಾಗ, ಕಾರಣ ಸರಿಯಿದ್ದರೆ ಬಾಗಬಹುದು. ಇನ್ನೊಬ್ಬರ ಬದುಕಿನ ಪ್ರಶ್ನೆ ಬಂದಾಗ ಅಣ್ಣನಾದರೂ ಬಾಸ್ ಆದರೂ ಗೋಡೆ ಹುಡುಕಬೇಕು. ನಾವು ಸಾಮಾನ್ಯವಾಗಿ ಮಾಡುವುದು ಉಲ್ಟಾ. ರೇಟಿಂಗ್ ಒಂದು ಪಾಯಿಂಟ್ ಕಡಿಮೆ ಬಂದರೆ ಎಸ್ಕಲೇಟ್ ಮಾಡುತ್ತೀವಿ. ಪಕ್ಕದ ಡೆಸ್ಕಿನವರನ್ನು ಕಾರಣ ಇಲ್ಲದೆ ಕಳಿಸಿದಾಗ 'ಮ್ಯಾನೇಜ್‌ಮೆಂಟ್ ಡಿಸಿಷನ್' ಅಂದು ಲ್ಯಾಪ್‌ಟಾಪ್ ನೋಡುತ್ತೀವಿ. ನಾನೂ ನೋಡಿದ್ದೀನಿ.

ಪೂರಕ ಅನ್ನೋ ಪದಕ್ಕೂ ಇಲ್ಲಿ ಎರಡು ಅರ್ಥ ಸಿಗುತ್ತೆ. ಬೇಸಿಗೆ-ಚಳಿಗಾಲ ಒಬ್ಬರಾದ ಮೇಲೆ ಒಬ್ಬರು ಬರುವವರು. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಎನ್‌ಲಿಲ್-ಎನ್‌ಕಿ ಒಟ್ಟಿಗೇ ಇರುವವರು. ಒಬ್ಬ ಹಾದಿ ತಪ್ಪಿದಾಗ ಇನ್ನೊಬ್ಬ ಅಡ್ಡ ನಿಲ್ಲುತ್ತಾನೆ. ಮದುವೆ ಮನೆಯ ರಾತ್ರಿ ತಮ್ಮ ನನಗೆ ಅಡ್ಡ ನಿಂತಿದ್ದ. ನಾನು ಅದನ್ನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ.

ಇನ್ನು ಕಥೆಯ ಕೊನೆ. ತೀರ್ಪಾದ ಮೇಲೆ ಬೇಸಿಗೆ ಚಳಿಗಾಲಕ್ಕೆ ಬಾಗುತ್ತಾನೆ. ಮನೆಯಲ್ಲಿ ಗೋಧಿಯ ಬಿಯರ್, ದ್ರಾಕ್ಷಾರಸ ಸಿದ್ಧ ಮಾಡುತ್ತಾನೆ. ಇಡೀ ದಿನ ಇಬ್ಬರೂ ಕೂತು ಉಣ್ಣುತ್ತಾರೆ. ಚಿನ್ನ, ಬೆಳ್ಳಿ, ನೀಲಿ ಲಾಜವರ್ದಿ ಕಲ್ಲು ತಂದು ಅವನ ಮುಂದಿಡುತ್ತಾನೆ. ಅಣ್ಣತಮ್ಮಂದಿರ ಸ್ನೇಹ ಒಳ್ಳೆ ಎಣ್ಣೆಯಂತೆ ಹರಿಯಿತು ಅನ್ನುತ್ತೆ ಪದ್ಯ. ಸುಮೇರಿಯನ್ ಸಾಹಿತ್ಯವನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ದೊಡ್ಡ ಹೆಸರು ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಅವರದು. ಬೈಬಲ್ಲಿನ ಕಾಯಿನ-ಹೇಬೆಲರ ಕಥೆಗೆ ಸುಮೇರಿಯಾದಲ್ಲಿ ಹತ್ತಿರದ ಹೋಲಿಕೆ ಇದು ಅಂತ ಅವರು ಗುರುತಿಸಿದರು. ಅಲ್ಲೂ ಇಬ್ಬರು ಅಣ್ಣತಮ್ಮಂದಿರು, ಇಬ್ಬರ ಕಾಣಿಕೆ, ಒಬ್ಬನದು ಮಾತ್ರ ದೇವರಿಗೆ ಇಷ್ಟ. ಅಲ್ಲಿ ಯಾಕೆ ಅನ್ನೋ ಕಾರಣ ದೇವರು ಬಿಡಿಸಿ ಹೇಳುವುದಿಲ್ಲ, ಅದು ಕೊಲೆಯಲ್ಲಿ ಮುಗಿಯುತ್ತೆ. ಇಲ್ಲಿ ಕಾರಣ ಹೇಳಲಾಯಿತು, ಊಟದಲ್ಲಿ ಮುಗಿಯಿತು.

ಊಟ ಹಾಕು ಅಂತ ಎನ್‌ಲಿಲ್ ಹೇಳಿರಲಿಲ್ಲ. ತೀರ್ಪಿನಲ್ಲಿ ಚಿನ್ನ-ಬೆಳ್ಳಿಯ ಮಾತೂ ಇಲ್ಲ. ಅದೆಲ್ಲ ಬೇಸಿಗೆ ತಾನಾಗಿ ಮಾಡಿದ್ದು. ಸಂಬಂಧ ಉಳಿಸುವ ಕೆಲಸ ಸೋತವನ ಕೈಯಲ್ಲಿತ್ತು. ಗೆದ್ದವನು 'ಬಾ ತಮ್ಮಾ, ನಾವಿಬ್ಬರೂ ಒಂದೇ' ಅನ್ನೋದು ಸುಲಭ. ಆ ಮಾತಿಗೆ ಖರ್ಚಿಲ್ಲ. ಸೋತವನು ಮನೆ ಬಾಗಿಲು ತೆಗೆಯೋದೇ ಕಷ್ಟದ್ದು.

ಬಸ್ಸಿನಿಂದ ಇಳಿದು ಎರಡು ವಾರ ಸುಮ್ಮನಿದ್ದೆ. ಆಮೇಲೆ ಒಂದು ಭಾನುವಾರ ತಮ್ಮನಿಗೆ ಫೋನ್ ಮಾಡಿದೆ. ಅವ್ವನೂ ಕೇಳಲಿ ಅಂತ ಸ್ಪೀಕರ್ ಹಾಕಿಸಿದೆ. 'ಅವ್ವನ ವಿಷಯದಾಗ ನಿಂದ ಹೆಚ್ಚು ಐತಿ ತಮ್ಮಾ. ನಂದು ರೊಕ್ಕ ಅಷ್ಟ. ದೊಡ್ಡಪ್ಪಗೂ ನಾನ ಹೇಳ್ತೀನಿ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ 'ಮುಂಜಾನಿಂದನ ಕುಡದೀಯೇನು?' ಅಂತ ಕೇಳಿದ. ಅವ್ವ ನಕ್ಕಳು.

ಅವನಿಗೆ ಚಿನ್ನ-ಬೆಳ್ಳಿ ಬೇಕಿರಲಿಲ್ಲ. ಏನು ಬೇಕು ಹೇಳು ಅಂತ ಕೇಳಿದ್ದಕ್ಕೆ ಮೊದಲು ಏನಿಲ್ಲ ಅಂದ, ಆಮೇಲೆ ಮೆಲ್ಲಗೆ ಹೇಳಿದ: 'ಕಡ್ಲಿ ಕಿತ್ತು ಮುಗದ ಮ್ಯಾಲ ಹದಿನೈದು ದಿನ ಬಂದು ಮನ್ಯಾಗ ಇರು. ನಾ ಹೆಂಡ್ತಿ ಮಕ್ಕಳ್ನ ಕರಕೊಂಡು ಎಲ್ಲ್ಯಾರ ಹೋಗಿ ಬರ್ತೀನಿ. ನಾಕ್ ವರ್ಷ ಆತು, ಎಲ್ಲೂ ಹೋಗಿಲ್ಲ.'

ನಾಲ್ಕು ವರ್ಷದಲ್ಲಿ ನಾನು ಎರಡು ಸಲ ಗೋವಾ, ಒಂದು ಸಲ ವಿಯೆಟ್ನಾಂ ನೋಡಿ ಬಂದಿದ್ದೆ.

ಸೋಮವಾರ ಲೀವ್ ಅಪ್ಲೈ ಮಾಡಿದೆ. ಮ್ಯಾನೇಜರ್ ಕಾರಣ ಕೇಳಿದರು. ಊರಲ್ಲಿ ಕೆಲಸ ಇದೆ ಅಂದೆ.